ಹಾಲಿಲ್ಲದ ಮನೆಯ ಊಟ

ಕೆಲವು ತಿಂಗಳ ಹಿಂದೆ, ಬೆಂಗಳೂರಿನ ನಮ್ಮ ಬೀದಿಗೆ ಹೊಸದಾಗಿ ಬಂದ ಮನೆಯ ತರುಣಿಯೊಬ್ಬಳು ತನ್ನ ಎರಡು ವರ್ಷದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಮ್ಮ ಜಗಲಿಗೆ ಬಂದಳು. ಮಗುವಿನ ಕೆನ್ನೆಯ ಮೇಲೆ ಕೆಂಪು ದದ್ದಿನ ಗುರುತು ಇನ್ನೂ ಮಾಸಿರಲಿಲ್ಲ. "ತಾತ, ಹಸುವಿನ ಹಾಲು ಇವನ ಮೈಗೆ ಒಗ್ಗುವುದಿಲ್ಲವಂತೆ. ಮುಟ್ಟಿಸಲೇಬೇಡಿ ಅಂದುಬಿಟ್ಟರು ಡಾಕ್ಟರು. ನಮ್ಮತ್ತೆಯೋ, ಹಾಲಿಲ್ಲದೆ ಮಗು ಬದುಕುತ್ತದೆಯೇ ಎಂದು ದಿನವೂ ಅಳುತ್ತಾರೆ. ನೀವು ಮಂಡ್ಯದ ಕಡೆಯವರಲ್ಲವೇ, ನಿಮ್ಮ ಹಳ್ಳಿಯಲ್ಲಿ ಮಕ್ಕಳು ಏನು ತಿಂದು ಬೆಳೆದರು, ಹೇಳಿ" ಎಂದಳು.

ನಾನು ವೈದ್ಯನಲ್ಲ, ಹಳೆಯ ಕಾಗದಪತ್ರ ತಿರುವಿ ಹಾಕುವ ಚಟದವನು. ಆದರೆ ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಾಲಿಲ್ಲದೆ ಮೈಗೆ ಬೇಕಾದ ಸತ್ತ್ವವೆಲ್ಲ ದೊರೆಯುತ್ತದೆಯೇ ಎಂಬುದು ಮೇಲುನೋಟಕ್ಕೆ ವೈದ್ಯಶಾಸ್ತ್ರದ ಪ್ರಶ್ನೆ. ಒಳಹೊಕ್ಕು ನೋಡಿದರೆ ಅದರಲ್ಲಿ ಅರ್ಧ ಚರಿತ್ರೆಯದು. ಯಾಕೆಂದರೆ ನಮ್ಮ ಸೀಮೆಯ ಬಹುಪಾಲು ಜನ ತಲೆಮಾರುಗಳ ಕಾಲ ಹಾಲು ಕುಡಿಯದೆಯೇ ಬಾಳಿದವರು. ಅವರು ಹೇಗೆ ಬಾಳಿದರು, ಎಷ್ಟರಮಟ್ಟಿಗೆ ಚೆನ್ನಾಗಿ ಬಾಳಿದರು, ಆ ಬಾಳಿನ ಆಧಾರ ಯಾವಾಗ ಸಡಿಲವಾಯಿತು ಎಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಮಣ್ಣೇ ಹೇಳಬಲ್ಲುದು.

ಮಳವಳ್ಳಿ ತಾಲ್ಲೂಕಿನ ನನ್ನ ಅಜ್ಜಿಯ ಮನೆಯಲ್ಲಿ ಎರಡು ಹಸುಗಳಿದ್ದವು. ಆದರೂ ಮಕ್ಕಳಾದ ನಾವು ಲೋಟ ತುಂಬ ಹಾಲು ಕುಡಿದದ್ದು ನೆನಪಿಲ್ಲ. ಕೇಳಿದರೆ ಅಜ್ಜಿ, "ಹಾಲ ಕುಡ್ದುಬುಟ್ರೆ ಸಂತೆಗೆ ಏನ್ ತಕ್ಕೊಂಡೋಗನ ಮಗ?" ಎನ್ನುತ್ತಿದ್ದಳು. ಕರು ಕುಡಿದು ಉಳಿದ ಹಾಲು ಹೆಪ್ಪಿಗೆ, ಮೊಸರು ಕಡೆಗೋಲಿಗೆ, ಬೆಣ್ಣೆ ಕಾಸಿದ ತುಪ್ಪ ಸಂತೆಗೆ. ಮನೆಯಲ್ಲಿ ಉಳಿಯುತ್ತಿದ್ದುದು ನೀರು ಮಜ್ಜಿಗೆ. ಇದು ಜಿಪುಣತನವಲ್ಲ, ಲೆಕ್ಕಾಚಾರ. ನಮ್ಮ ಕಡೆಯ ಹಸು ಹಳ್ಳಿಕಾರ್ ತಳಿಯದು. ಉದ್ದ ಕೊಂಬಿನ, ಬಿಗಿ ಮೈಯಿನ ಈ ತಳಿಯನ್ನು ಜನ ಬೆಳೆಸಿದ್ದು ಹಾಲಿಗಾಗಿ ಅಲ್ಲ, ನೇಗಿಲಿಗೂ ಗಾಡಿಗೂ ಎತ್ತು ಹುಟ್ಟಲೆಂದು. ಮೈಸೂರು ಅರಸರ ಕಾಲದ ಅಮೃತಮಹಲಿನ ದನಗಳು, ಹೆಸರಿನಲ್ಲಿ ಅಮೃತವಿದ್ದರೂ, ದಂಡಿನ ಫಿರಂಗಿ ಎಳೆಯಲು ಹೆಸರಾದವು. ಹೊಲ ಉಳುವ ಹೋರಿ ಕರುವಿನ ಪಾಲಿನ ಹಾಲನ್ನು ಮಕ್ಕಳು ಕುಡಿದರೆ ಮುಂದಿನ ವರ್ಷ ಉಳುವವರಾರು? ಆದ್ದರಿಂದ ಹಾಲೆಂಬುದು ಬಾಣಂತಿಗೆ, ಕಾಯಿಲೆಯವರಿಗೆ, ಹಬ್ಬದ ಪಾಯಸಕ್ಕೆ ಮೀಸಲಾದ ವಸ್ತುವಾಗಿತ್ತು.

ಹಾಗಾದರೆ ತಟ್ಟೆಯಲ್ಲಿ ಏನಿತ್ತು? ಇದಕ್ಕೆ ಒಬ್ಬ ಹೊರಗಿನವನ ಸಾಕ್ಷಿ ನಮಗೆ ಉಳಿದಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯನ್ನು ನೋಡಿ ವರದಿ ಬರೆಯಲು ಹೊರಟ. 1800ರ ಮೇ ತಿಂಗಳಲ್ಲಿ ಅವನು ಬೆಂಗಳೂರಿನಿಂದ ಚನ್ನಪಟ್ಟಣದ ದಾರಿ ಹಿಡಿದು, ಮದ್ದೂರು ಮಂಡ್ಯಗಳನ್ನು ಹಾದು ಶ್ರೀರಂಗಪಟ್ಟಣಕ್ಕೆ ಹೋದ. ಯುದ್ಧದಿಂದ ಸೊರಗಿದ ಊರುಗಳ ನಡುವೆ ನಡೆಯುತ್ತ, ಉಳುವುದು, ಬಿತ್ತುವುದು, ಕುಯ್ಯುವುದು ಎಲ್ಲವನ್ನೂ ಬಿಡದೆ ಕೇಳಿ ಬರೆದುಕೊಂಡ ಅವನ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಖುಷ್ಕಿ ಭೂಮಿಯ ಬೆಳೆಗಳಲ್ಲಿ ರಾಗಿಯೇ ಮುಖ್ಯವೆಂದೂ, ದುಡಿಯುವ ಜನರ ನಿತ್ಯದ ಆಹಾರ ಅದೇ ಎಂದೂ ಅವನು ಗುರುತಿಸಿದ. ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ಕೂಡಿಡುವುದನ್ನು ಬರೆದ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು ಸಂಗತಿ: ರಾಗಿಯ ಹೊಲದಲ್ಲಿ ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ, ನಡುನಡುವೆ ಸಾಲು ಬಿಟ್ಟು ಅವರೆ, ತೊಗರಿ ಬಿತ್ತುತ್ತಿದ್ದರು.

ಇದೇ ನಮ್ಮ ರೈತರು ಹೇಳುವ ಅಕ್ಕಡಿ ಸಾಲು. ಮುಂಗಾರಿನಲ್ಲಿ ಹೊಲಕ್ಕೆ ರಾಗಿ ಬಿದ್ದರೆ, ಇಷ್ಟು ಸಾಲಿಗೊಂದು ಅವರೆ, ತೊಗರಿ, ಅಲಸಂದೆ. ಬದುವಿನ ಕಡೆಗೆ ಹುಚ್ಚೆಳ್ಳು, ಸಾಸಿವೆ, ಹರಳು. ಮಳೆ ತಪ್ಪಿದ ಬರಡು ತುಂಡಿಗೆ ಹುರುಳಿ. ರಾಗಿಯ ಜೊತೆಗೆ ತಾನಾಗಿ ಹುಟ್ಟುವ ಅಣ್ಣೆ ಸೊಪ್ಪು, ದಂಟು, ಗಣಿಕೆ, ಹೊನಗನ್ನೆ ಕಳೆ ಕೀಳುವ ಹೆಂಗಸರ ಮಡಿಲಿಗೆ. ಸಂಜೆ ಅದೇ ಬೆರಕೆ ಸೊಪ್ಪು. ಹೊಲದ ಬದುವಿನಲ್ಲಿ ಒಂದು ನುಗ್ಗೆಮರ. ಹೊಲದಲ್ಲಿ ಹೇಗೋ ತಟ್ಟೆಯಲ್ಲೂ ಹಾಗೆ: ನಡುವೆ ಮುದ್ದೆ, ಸುತ್ತಲೂ ಅಕ್ಕಡಿ. ಅವರೆಕಾಳಿನ ಸಾರು, ಹುರುಳಿಯ ಉಪ್ಪುಸಾರು, ಮಸ್ಸೊಪ್ಪು, ಬಸ್ಸಾರು, ಕಾಳಿಲ್ಲದ ದಿನ ಹುಚ್ಚೆಳ್ಳಿನ ಪುಡಿ. ನಮ್ಮ ಕಡೆಯ ಊಟವನ್ನು 'ಬರೀ ಮುದ್ದೆ' ಎಂದು ಹಾಸ್ಯ ಮಾಡುವವರು ಹೊಲವನ್ನು ನೋಡಿದವರಲ್ಲ.

ಈ ಜೋಡಣೆಯ ಒಳಗುಟ್ಟು ಇಂದಿನ ರಸಾಯನಶಾಸ್ತ್ರಕ್ಕೆ ತಿಳಿದಿದೆ. ಮೈ ಕಟ್ಟುವ ಸಸಾರಜನಕವು, ಅಂದರೆ ಪ್ರೋಟೀನು, ಹಲವು ಅಮೈನೋ ಆಮ್ಲಗಳಿಂದಾದದ್ದು. ರಾಗಿಯಲ್ಲಿ ಮೆಥಿಯೊನೀನ್ ಎಂಬುದು ಸಾಕಷ್ಟಿದೆ, ಲೈಸೀನ್ ಎಂಬುದು ಕಡಿಮೆ. ಅವರೆ, ಹುರುಳಿ, ತೊಗರಿಗಳಲ್ಲಿ ಲೈಸೀನ್ ಹೇರಳ, ಮೆಥಿಯೊನೀನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬಸ್ಸಾರಿನ ವಿಷಯವೂ ಹೀಗೆಯೇ. ಕಾಳು ಸೊಪ್ಪುಗಳನ್ನು ಬೇಯಿಸಿ ಬಸಿದ ಕಟ್ಟನ್ನು ಅಜ್ಜಿ ಎಂದೂ ಚೆಲ್ಲಲಿಲ್ಲ. ಅದಕ್ಕೇ ಖಾರ ಅರೆದು ಹಾಕಿ ಸಾರು ಮಾಡಿದಳು. ನೀರಿನಲ್ಲಿ ಕರಗುವ ಜೀವಸತ್ವಗಳು ಕಟ್ಟಿನಲ್ಲೇ ಇಳಿದಿರುತ್ತವೆ ಎಂದು ಅವಳಿಗೆ ಯಾರೂ ಪಾಠ ಹೇಳಿರಲಿಲ್ಲ. ಚೆಲ್ಲುವುದು ಪಾಪವೆಂಬ ಒಂದೇ ಪಾಠ ಅವಳಿಗೆ ಸಾಕಾಗಿತ್ತು.

ರಾಗಿಯ ಮಾನ ಅವಮಾನಗಳ ವ್ಯಾಜ್ಯ ನಮ್ಮಲ್ಲಿ ಹಳೆಯದು. ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಶ್ರೀರಾಮನ ಮುಂದೆ ತಂದು ನಿಲ್ಲಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದರು. ಭತ್ತ ಕಳೆಗುಂದಿತು, ರಾಗಿ ಗಟ್ಟಿಯಾಗಿ ಉಳಿಯಿತು. ಕಥೆ ಕವಿಯದು, ಅದರ ಕೆಳಗಿರುವ ಅನುಭವ ರೈತನದು. ಹುಳು ಹಿಡಿಯದೆ ವರ್ಷಗಟ್ಟಲೆ ಹಗೇವಿನಲ್ಲಿ ಉಳಿಯುವ ಕಾಳು ಅದು. 1876ರಿಂದ 78ರವರೆಗಿನ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೆಯ ಒಂದು ಪಾಲು ಜನ ಅಳಿದರು. ಹಗೇವು ಬರಿದಾದರೆ ಬದುಕೇ ಬರಿದು ಎಂಬುದನ್ನು ಆ ಪೀಳಿಗೆ ಕಣ್ಣಾರೆ ಕಂಡಿತು.

ಇಷ್ಟಾದರೂ ಓದಿದವರ ಲೋಕದಲ್ಲಿ ಹಾಲಿನ ಪ್ರತಿಷ್ಠೆ ಏರುತ್ತಲೇ ಹೋಯಿತು. ಅದಕ್ಕೆ ಕಾರಣವಿಲ್ಲದೆಯೂ ಇರಲಿಲ್ಲ. 1920ರ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯವಿಜ್ಞಾನಿ ಇಲಿಗಳಿಗೆ ಭಾರತದ ಬೇರೆಬೇರೆ ಜನರ ಊಟವನ್ನು ಉಣಿಸಿ ನೋಡಿದರು. ಗೋಧಿ ರೊಟ್ಟಿ, ಬೇಳೆ, ತರಕಾರಿ, ಹಾಲು, ಬೆಣ್ಣೆಗಳಿದ್ದ ಸಿಖ್ಖರ ಊಟ ತಿಂದ ಇಲಿಗಳು ಚೆನ್ನಾಗಿ ಬೆಳೆದವು. ಮದರಾಸಿನ ಕಡೆಯ ಅಕ್ಕಿಯೂಟದ ಇಲಿಗಳು ಸೊರಗಿದವು. ಪ್ರಯೋಗ ಸರಿಯೇ. ಆದರೆ ಓದುಗರ ಮನಸ್ಸಿನಲ್ಲಿ ಉಳಿದದ್ದು 'ಗೋಧಿ ಹಾಲು ಉತ್ತಮ, ಅಕ್ಕಿ ಅಧಮ' ಎಂಬ ಎರಡೇ ಮಾತು. ಮಧ್ಯದಲ್ಲಿ ನಿಂತಿದ್ದ ರಾಗಿ ಯಾರ ಕಣ್ಣಿಗೂ ಬೀಳಲಿಲ್ಲ. 1937ರಲ್ಲಿ ಅದೇ ಕೂನೂರಿನಿಂದ ಡಾಕ್ಟರ್ ಐಕ್ರಾಯ್ಡ್ ಅವರು ಭಾರತದ ಆಹಾರಗಳ ಸತ್ತ್ವದ ಕೋಷ್ಟಕವನ್ನು ಪ್ರಕಟಿಸಿದಾಗ, ಸುಣ್ಣದಂಶದಲ್ಲಿ ರಾಗಿ ಮಿಕ್ಕ ಧಾನ್ಯಗಳನ್ನು ಬಹಳ ಹಿಂದೆ ಹಾಕಿತ್ತು.

ಹಾಲು ಬಿಡಬೇಕೆಂದು ಹೊರಟು ಸೋತವರ ಪೈಕಿ ಎಲ್ಲರಿಗಿಂತ ದೊಡ್ಡವರು ಮಹಾತ್ಮ ಗಾಂಧಿ. ದಕ್ಷಿಣ ಆಫ್ರಿಕದಲ್ಲಿದ್ದಾಗ, 1912ರಲ್ಲಿ ಅವರು ಹಾಲನ್ನು ತ್ಯಜಿಸಿದರು. ಗೋವುಗಳಿಂದ ಕಡೆಯ ಹನಿಯನ್ನೂ ಹಿಂಡಲು ಕೊಡುತ್ತಿದ್ದ ಹಿಂಸೆಯನ್ನು ಓದಿ ಅವರ ಮನಸ್ಸು ಮುರಿದಿತ್ತು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಆಮಶಂಕೆಯಿಂದ ಹಾಸಿಗೆ ಹಿಡಿದರು. ಮೈಯಲ್ಲಿ ಎಲುಬು ಚರ್ಮವೇ ಉಳಿಯಿತು. ಹಾಲು ಕುಡಿಯದೆ ಮೈ ಸುಧಾರಿಸದೆಂದರು ವೈದ್ಯರು. ವ್ರತ ಹಸುವಿನ, ಎಮ್ಮೆಯ ಹಾಲಿಗೆ ತಾನೇ, ಆಡಿನ ಹಾಲಿಗೇನು ಅಡ್ಡಿ ಎಂದರು ಕಸ್ತೂರಬಾ. ಗಾಂಧಿಯವರು ಒಪ್ಪಿದರು. ಅಕ್ಷರ ಉಳಿದು ಆತ್ಮ ಹೋಯಿತೆಂದು ಕೊನೆಯವರೆಗೂ ಕೊರಗಿದರು. ಹಾಲಿಗೆ ಸಮನಾದ ಸಸ್ಯಾಹಾರವೊಂದನ್ನು ಯಾರಾದರೂ ತೋರಿಸಿಕೊಡಿ ಎಂದು ಆತ್ಮಕಥೆಯಲ್ಲಿ ಓದುಗರನ್ನು ಕೇಳಿಕೊಂಡರು. 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ನಂದಿಬೆಟ್ಟಕ್ಕೂ ಬೆಂಗಳೂರಿಗೂ ಬಂದಾಗ, ಹಸುವಿನ ಹಾಲು ಮುಟ್ಟದ ಈ ಮನುಷ್ಯ ಬೆಂಗಳೂರಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಗೋಪಾಲನೆಯ ಪಾಠ ಕಲಿತದ್ದು ಸ್ವಾರಸ್ಯದ ಸಂಗತಿ.

ಗಾಂಧಿಯವರು ಹುಡುಕಿದ್ದು ಒಂದು ವಸ್ತುವನ್ನು. ಹಾಲಿನಂತೆ ಸಸಾರಜನಕ, ಜಿಡ್ಡು, ಸುಣ್ಣ, ಜೀವಸತ್ವಗಳನ್ನೆಲ್ಲ ಒಂದೇ ಬಟ್ಟಲಿನಲ್ಲಿ ಕೊಡುವ ಸಸ್ಯವೊಂದನ್ನು. ಅಂಥ ಒಂದು ಸಸ್ಯವಿಲ್ಲ. ಹಾಲಿಗೆ ಬದಲಿ ಯಾವುದು ಎಂಬ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಒಂದರ ಬದಲು ಒಂದಲ್ಲ, ಒಂದರ ಬದಲು ಹಲವು ಎಂದು ಕೇಳಿದ್ದರೆ ಮಳವಳ್ಳಿಯ ಹೊಲದ ಅಕ್ಕಡಿ ಸಾಲೇ ಉತ್ತರವಾಗುತ್ತಿತ್ತು. ಅಲ್ಲಿಯೂ ಒಂದು ಅಂಶ ಸಿಕ್ಕುತ್ತಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಈಗ ನಮ್ಮ ಜಿಲ್ಲೆಯ ದೊಡ್ಡ ತಿರುವಿಗೆ ಬರೋಣ. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟಿನ ಕೆಲಸ ಮೊದಲಾಯಿತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ನೀರು ಮಂಡ್ಯದ ಖುಷ್ಕಿ ನೆಲಕ್ಕೆ ಹರಿಯಿತು. ಇಂದು ನಾವು ಅದನ್ನು ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವೆ. ಕೆನಡದಿಂದ 1908ರಲ್ಲಿ ಮೈಸೂರಿಗೆ ಬಂದು, ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಅವರು ನಾಲೆಯ ಬಯಲಿನಲ್ಲಿ ಪ್ರಾಯೋಗಿಕ ಕ್ಷೇತ್ರ ತೆರೆದರು. ಮಂಡ್ಯದ ಸಕ್ಕರೆ ಕಂಪನಿ ತಲೆಯೆತ್ತಲು ದುಡಿದರು. 1933ರಲ್ಲಿ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಬರಡು ಬಯಲು ಕಬ್ಬು ಭತ್ತಗಳ ತೋಟವಾಯಿತು. ಕಬ್ಬಿನ ಹಣ ಹೆಂಚಿನ ಮನೆ ಕಟ್ಟಿಸಿತು, ಮಕ್ಕಳನ್ನು ಹೈಸ್ಕೂಲಿಗೆ ಕಳಿಸಿತು. ಇದನ್ನು ಮರೆತು ಮಾತಾಡುವುದು ಕೃತಘ್ನತೆಯಾದೀತು.

ಕೋಲ್ಮನ್ನರು ರಾಗಿಯನ್ನು ಮರೆತವರೂ ಅಲ್ಲ. 1920ರಲ್ಲೇ ಮೈಸೂರಿನ ರಾಗಿ ಬೇಸಾಯವನ್ನು ಕುರಿತು ಒಂದು ಪುಸ್ತಿಕೆ ಬರೆದಿದ್ದರು. ಆದರೆ ನಾಲೆಗೆ ತನ್ನದೇ ಒಂದು ತರ್ಕವಿದೆ. ನೀರು ನಿಂತ ಗದ್ದೆಯಲ್ಲಿ ಭತ್ತವೊಂದೇ ನಿಲ್ಲುತ್ತದೆ. ಕಬ್ಬಿನ ನಡುವೆ ಅವರೆಗೂ ಹುಚ್ಚೆಳ್ಳಿಗೂ ಜಾಗವಿಲ್ಲ. ಅಕ್ಕಡಿ ಸಾಲು ಅಳಿಸಿಹೋಯಿತು. ಹೊಲ ಒಂದೇ ಬೆಳೆಯದಾದಾಗ ತಟ್ಟೆಯೂ ಮೆಲ್ಲಮೆಲ್ಲನೆ ಒಂದೇ ಬಣ್ಣದ್ದಾಯಿತು. ಅನ್ನ ಉಣ್ಣುವುದು ಏಳಿಗೆಯ ಗುರುತು, ಮುದ್ದೆ ನುಂಗುವುದು ಬಡತನದ ಗುರುತು ಎಂಬ ಭಾವನೆಯೂ ಜೊತೆಗೂಡಿತು. ನೆಂಟರು ಬಂದರೆ ಮುದ್ದೆಯ ಪಾತ್ರೆಯನ್ನು ಮರೆಮಾಡಿ ಅನ್ನ ಬಡಿಸುತ್ತಿದ್ದ ಮನೆಗಳನ್ನು ನಾನು ಬಲ್ಲೆ.

ಇದರಿಂದ ಮೈಗೆ ಆದ ನಷ್ಟವೆಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣ, ಅಂದರೆ ಕ್ಯಾಲ್ಸಿಯಂ ಇದೆ. 2017ರ ಹೊಸ ಕೋಷ್ಟಕದಲ್ಲಿ ಇದು 364. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ 120. ಯಂತ್ರದಲ್ಲಿ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 10. ಹಳೆಯ ಕೋಷ್ಟಕವೇ ಹುರುಳಿಯಲ್ಲಿ 287 ಮಿಲಿಗ್ರಾಂ ಸುಣ್ಣವನ್ನೂ 22 ಗ್ರಾಂ ಸಸಾರಜನಕವನ್ನೂ ತೋರಿಸುತ್ತದೆ. ದಂಟಿನ ಸೊಪ್ಪಿನಲ್ಲಿ 397, ನುಗ್ಗೆಸೊಪ್ಪಿನಲ್ಲಿ 440, ಎಳ್ಳಿನಲ್ಲಿ 1450 ಮಿಲಿಗ್ರಾಂ ಸುಣ್ಣ. ಹೊಲದಲ್ಲಿ ದುಡಿಯುವವನು ದಿನಕ್ಕೆ 300 ಗ್ರಾಂ ರಾಗಿಹಿಟ್ಟಿನ ಮುದ್ದೆ ಉಂಡರೆ ಅದರಿಂದಲೇ 1000 ಮಿಲಿಗ್ರಾಂ ಲೆಕ್ಕಕ್ಕೆ ಬರುತ್ತದೆ. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ವಯಸ್ಕರಿಗೆ ದಿನಕ್ಕೆ ಇರಬೇಕೆಂದು ಹೇಳಿದ ಪ್ರಮಾಣವೂ ಇಷ್ಟೇ. ಅದೇ ಮನುಷ್ಯ ರಾಗಿ ಬಿಟ್ಟು ಅಷ್ಟೇ ಅಕ್ಕಿ ಉಂಡರೆ ಸಿಗುವುದು 30. ರಾಗಿ ಬಿಟ್ಟ ಮನೆಗೇ ಹಾಲು ಅನಿವಾರ್ಯವಾಗುತ್ತದೆ ಎಂಬುದು ಈ ಅಂಕಿಗಳಿಂದ ನಾನು ಕಲಿತ ಪಾಠ.

ಕಾಗದದ ಲೆಕ್ಕ ಮೈಯ ಲೆಕ್ಕವಾಗುವುದಿಲ್ಲವೆಂದು ಬಲ್ಲವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ. ರಾಗಿಯಲ್ಲಿ ಫೈಟೇಟ್, ಆಕ್ಸಲೇಟ್ ಎಂಬ ವಸ್ತುಗಳಿವೆ. ಅವು ಸುಣ್ಣವನ್ನೂ ಕಬ್ಬಿಣವನ್ನೂ ಕಟ್ಟಿಹಾಕುವುದರಿಂದ ಅಷ್ಟೂ ರಕ್ತಕ್ಕೆ ಸೇರುವುದಿಲ್ಲ. ಹಾಗಾದರೆ ಸೇರುವುದು ಸಾಲುತ್ತದೆಯೇ? ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದ್ದು ಮಂಡ್ಯಕ್ಕೆ ಒಂದು ಗಳಿಗೆಯ ದಾರಿಯ ಮೈಸೂರಿನಲ್ಲೇ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು ರಾಗಿಯ ಬಡವರ ಊಟವನ್ನು ವಯಸ್ಕರಿಗೆ ಉಣಿಸಿ, ಮೈಯೊಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಅಳೆದರು. 1955ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ ಸಸಾರಜನಕ, ಸುಣ್ಣ, ರಂಜಕ ಮೂರರಲ್ಲೂ ಮೈಗೆ ಉಳಿತಾಯವೇ ಆಗಿತ್ತು. ಅನಂತರ 9–10 ವರ್ಷದ ಹುಡುಗಿಯರ ಊಟದಲ್ಲಿ ಅಕ್ಕಿಯ ಬದಲು ರಾಗಿ ಇಟ್ಟು ನೋಡಿದಾಗ ಅವರ ಮೈಯಲ್ಲಿ ಸುಣ್ಣ ನಿಲ್ಲುವುದು ಹೆಚ್ಚಿತು. ಹುಡುಗಿಯರಿಗೆ ಹೊಸದೇನನ್ನೂ ಕೊಟ್ಟಿರಲಿಲ್ಲ. ಅವರ ಅಜ್ಜಿಯರ ಧಾನ್ಯವನ್ನೇ ಹಿಂದಕ್ಕೆ ಕೊಟ್ಟಿದ್ದರು.

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದರೆ ಫೈಟೇಟಿನ ಕಟ್ಟು ಸಡಿಲವಾಗುತ್ತದೆ. ನಮ್ಮ ಕಡೆ ಕೂಸಿಗೆ ಕೊಡುವ ರಾಗಿ ಸರಿಯ ಹಿಟ್ಟಿಗೆ ಇದೇ ಕ್ರಮ. ಜಿಡ್ಡಿಗೆ ಹುಚ್ಚೆಳ್ಳು, ಕಡಲೆಕಾಯಿ, ಮದ್ದೂರಿನ ಕಡೆಯಾದರೆ ತೆಂಗು. ಕಣ್ಣಿಗೆ ಬೇಕಾದ ಜೀವಸತ್ವದ ಮೂಲ ಹಸುರು ಸೊಪ್ಪಿನಲ್ಲಿದೆ. ಸುಣ್ಣವನ್ನು ಮೈಗೆ ಹತ್ತಿಸುವ 'ಡಿ' ಜೀವಸತ್ವವನ್ನು ಬಿಸಿಲೇ ಚರ್ಮದಲ್ಲಿ ಹುಟ್ಟಿಸುತ್ತದೆ. ಕಳೆ ಕೀಳುವವರಿಗೆ ಬಿಸಿಲಿಗೆ ಬರವಿರಲಿಲ್ಲ.

ಇನ್ನು ಮೇಲೆ ಹೇಳಿದ ಆ ಒಂದು ಕೊರತೆ. ಅದು 'ಬಿ-12' ಎಂಬ ಜೀವಸತ್ವ. ರಕ್ತಕ್ಕೂ ನರಗಳಿಗೂ ಅತ್ಯವಶ್ಯವಾದ ಇದನ್ನು ವಿಜ್ಞಾನಿಗಳು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು 1948ರಲ್ಲಿ, ಗಾಂಧಿಯವರು ತೀರಿಕೊಂಡ ವರ್ಷದಲ್ಲೇ. ಇದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ಕಾಳು ಸೊಪ್ಪುಗಳಲ್ಲಿ ಇದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಹಾಲಿಲ್ಲದ ನಮ್ಮ ಹಳ್ಳಿಯ ಮನೆಗಳಿಗೆ ಇದು ಎಲ್ಲಿಂದ ಬಂತು? ನೀರು ಮಜ್ಜಿಗೆಯಿಂದ ಕೊಂಚ, ಕೋಳಿಮೊಟ್ಟೆಯಿಂದ ಕೊಂಚ, ಶಿಂಷಾ ಕಾವೇರಿಗಳ, ಊರ ಕೆರೆಗಳ ಮೀನಿನಿಂದ, ಹಬ್ಬದಲ್ಲಿ ಕಡಿದ ಕುರಿಯಿಂದ. ರುಚಿಗೆ ಹೆಸರಾದ ಬಂಡೂರು ಕುರಿ ಮಳವಳ್ಳಿ ತಾಲ್ಲೂಕಿನ ಬಂಡೂರಿನದೇ. ಆದ್ದರಿಂದ ಹಾಲನ್ನಷ್ಟೇ ಬಿಟ್ಟವರಿಗೆ ಭಯವಿಲ್ಲ. ಹಾಲು, ಮೊಟ್ಟೆ, ಮಾಂಸ ಎಲ್ಲವನ್ನೂ ಬಿಟ್ಟವರು ಈ ಜೀವಸತ್ವವನ್ನು ಮಾತ್ರೆಯಾಗಿಯೋ, ಅದನ್ನು ಬೆರೆಸಿದ ಆಹಾರವಾಗಿಯೋ ವೈದ್ಯರ ಮಾತಿನಂತೆ ತೆಗೆದುಕೊಳ್ಳಲೇಬೇಕು. ಇಲ್ಲಿ ಅಜ್ಜಿಯ ಅನುಭವಕ್ಕಿಂತ ಪ್ರಯೋಗಾಲಯದ ಮಾತು ದೊಡ್ಡದು.

ಮಜ್ಜಿಗೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಹಾಲಿನಲ್ಲಿರುವ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಎಳೆಗೂಸುಗಳಿಗೆಲ್ಲ ಇರುತ್ತದೆ. ಬೆಳೆದ ಮೇಲೆ ಬಹಳ ಜನರಲ್ಲಿ ಕುಗ್ಗುತ್ತದೆ. ದೊಡ್ಡವರಾದರೂ ಅದನ್ನು ಉಳಿಸಿಕೊಡುವ ಅನುವಂಶೀಯ ಗುಣ ಭಾರತದ ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಪಂಜಾಬಿನವರಿಗೆ ಒಗ್ಗಿದ ಹಾಲಿನ ಲೋಟ ನಮ್ಮಲ್ಲಿ ಹಲವರ ಹೊಟ್ಟೆ ಉಬ್ಬಿಸುವುದು ಇದರಿಂದ. ಹೆಪ್ಪಾದಾಗ ಆ ಸಕ್ಕರೆಯ ಒಂದು ಪಾಲು ಕರಗುವುದರಿಂದ ಮೊಸರು ಮಜ್ಜಿಗೆ ಅವರಿಗೆ ಒಗ್ಗುತ್ತವೆ. ಆದರೆ ಹಾಲಿನ ಸಸಾರಜನಕವೇ ಒಗ್ಗದೆ ದದ್ದೇಳುವ ಮಗುವಿನ ಸಂಗತಿ ಬೇರೆ. ಅಂಥ ಮಗುವಿಗೆ ಮಜ್ಜಿಗೆಯೂ ಕೂಡದು. ಎರಡನ್ನೂ ಕಲಸಿ ಮಾತಾಡುವವರಿಂದ ತಾಯಂದಿರು ದೂರವಿರಬೇಕು.

ಇಷ್ಟು ಬರೆದು, ಹಳೆಯ ಕಾಲವೆಲ್ಲ ಚಿನ್ನವಾಗಿತ್ತೆಂದು ನಿಲ್ಲಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದವರ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ನನ್ನ ಅಜ್ಜಿ ಹೆತ್ತ ಒಂಬತ್ತರಲ್ಲಿ ಉಳಿದದ್ದು ನಾಲ್ಕು. ಮೊದಲ ಇಬ್ಬರು ಹೋದದ್ದು ಸಿಡುಬಿನಿಂದ. ಕಡೆಯ ಮಗುವಿಗೆ ಮಾತ್ರ, ಎದೆಹಾಲು ಬತ್ತಿದ ಮೇಲೆ ಕೊಡಲು ಹಾಲೂ ಇರಲಿಲ್ಲ, ಸರಿಗೆ ರಾಗಿಯೂ ಇರಲಿಲ್ಲ. ಅದು ಮಳೆ ಕೈಕೊಟ್ಟ ವರ್ಷ. ಆ ಮಗುವಿನ ಮಾತು ಬಂದಾಗ ಅಜ್ಜಿ ಮುದ್ದೆ ಕಟ್ಟುವ ಕೈ ನಿಲ್ಲಿಸಿ ಸುಮ್ಮನಾಗುತ್ತಿದ್ದಳು. ಅಕ್ಕಡಿ ಸಾಲಿನ ಊಟ ಪೂರ್ಣವಾದದ್ದು ನಿಜ. ಆ ಊಟ ಎಲ್ಲ ವರ್ಷವೂ ಎಲ್ಲರ ತಟ್ಟೆಗೂ ಬರುತ್ತಿತ್ತೆಂಬುದು ನಿಜವಲ್ಲ. ಉಂಡ ಜಾತಿಯ ಧಾನ್ಯ ಯಾವುದೆಂಬುದರಷ್ಟೇ ಹೊಟ್ಟೆ ತುಂಬಿತೇ ಎಂಬುದೂ ಮುಖ್ಯ.

ಆ ಕೊರತೆಯನ್ನು ನೀಗಲು ದುಡಿದವರೊಬ್ಬರನ್ನು ಮಂಡ್ಯ ಮರೆಯಬಾರದು. 1921ರಲ್ಲಿ ಹುಟ್ಟಿದ ಸಿ. ಎಚ್. ಲಕ್ಷ್ಮಣಯ್ಯನವರು ಕೋಲ್ಮನ್ನರು ತೆರೆದ ಅದೇ ಕ್ಷೇತ್ರದಲ್ಲಿ, ಇಂದಿನ ವಿ. ಸಿ. ಫಾರಂನಲ್ಲಿ, ರಾಗಿಯ ತೆನೆಗಳ ನಡುವೆಯೇ ಬಾಳು ಕಳೆದರು. ರಾಗಿಯ ಹೂವು ಸೂಜಿಮೊನೆಯಷ್ಟು ಸಣ್ಣದು. ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಬೇರೆ ತಳಿಯೊಂದಿಗೆ ಕೂಡಿಸುವುದು ಕಣ್ಣು ನೋಯುವ ಕೆಲಸ. ಅವರು ನಮ್ಮ ರಾಗಿಯನ್ನು ಅದರ ತವರಾದ ಆಫ್ರಿಕದ ರಾಗಿಯೊಂದಿಗೆ ಕೂಡಿಸಿದರು. ಇಂಡಿಯಾ, ಆಫ್ರಿಕ ಎರಡು ಹೆಸರನ್ನೂ ಬೆಸೆದು 'ಇಂಡಾಫ್' ಎಂದು ಕರೆದ ಆ ತಳಿಗಳು ರೈತನ ಕಣದ ರಾಶಿಯನ್ನು ಬಹಳ ಎತ್ತರಿಸಿದವು. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. ಕಬ್ಬು ಭತ್ತಗಳ ಸೀಮೆಯ ನಡುವೆ ಕುಳಿತು ಒಬ್ಬ ಮನುಷ್ಯ ಬಡವರ ಧಾನ್ಯವನ್ನು ಕಾದ ಕಥೆ ಇದು.

ಹಾಲಿನ ಕಥೆಯೂ ಅನಂತರ ಬೇರೆ ದಾರಿ ಹಿಡಿಯಿತು. 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಹುಟ್ಟಿದ ಮೇಲೆ ಹಳ್ಳಿಹಳ್ಳಿಗೂ ಹಾಲಿನ ಸಂಘ ಬಂತು. ಹಳ್ಳಿಕಾರ್ ಹಸುವಿನ ಜಾಗದಲ್ಲಿ ಮಿಶ್ರತಳಿಯ ಹಸು ನಿಂತಿತು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲೆಯ ಹಾಲೆಲ್ಲ ಸೇರುವ ದೊಡ್ಡ ಡೈರಿಯಿದೆ. ಎಷ್ಟೋ ಮನೆಗಳ ಹೆಂಗಸರ ಕೈಯಲ್ಲಿ ಸ್ವಂತ ಕಾಸು ಆಡುವುದು ಈ ಹಾಲಿನಿಂದ. ಹಾಲನ್ನು ನಾನು ಹಳಿಯಲಾರೆ. ಆದರೆ ಅಜ್ಜಿಯ ಕಾಲದಲ್ಲಿ ತುಪ್ಪವಾಗಿ ಸಂತೆಗೆ ಹೋಗುತ್ತಿದ್ದುದು ಈಗ ಕ್ಯಾನಿನಲ್ಲಿ ಡೈರಿಗೆ ಹೋಗುತ್ತದೆ. ಹೋದ ಹಾಲಿನ ಜಾಗದಲ್ಲಿ ಮನೆಯಲ್ಲಿ ಏನು ಉಳಿಯಿತೆಂದು ಕೇಳಿದರೆ, ಮಜ್ಜಿಗೆಯ ಬದಲು ಚಹ ಎನ್ನಬೇಕಾದ ಮನೆಗಳೂ ಇವೆ. 2013ರಲ್ಲಿ ಶಾಲೆಯ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಬಂತು. 2024ರ ಫೆಬ್ರವರಿಯಲ್ಲಿ ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿಯ ಮಾಲ್ಟನ್ನು ಬೆರೆಸಿ ಕೊಡುವ ಏರ್ಪಾಡಾಯಿತು. ಅದಕ್ಕೆ ಹಿಂದಿನ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತ್ತು. ಪಾತ್ರೆಯ ಹಿಂದೆ ಮರೆಯಾಗಿದ್ದ ಮುದ್ದೆಗೆ ತಡವಾಗಿ ಬಂದ ಮರ್ಯಾದೆ ಇದು.

ಆ ತರುಣಿಗೆ ನಾನು ಹೇಳಿದ್ದು ಇಷ್ಟೇ: "ನೋಡಮ್ಮ, ಡಾಕ್ಟರ ಮಾತನ್ನು ಮೀರಬೇಡ; ಮಗುವಿನ ತೂಕ, ರಕ್ತ ತೋರಿಸುತ್ತಿರು; ಮೊಟ್ಟೆ ಒಗ್ಗುತ್ತದೆಯೇ ಎಂದು ಅವರನ್ನೇ ಕೇಳು; ನೀವು ಮೊಟ್ಟೆ ಮಾಂಸ ತಿನ್ನದ ಮನೆಯವರಾದರೆ ಬಿ-12ರ ಮಾತನ್ನು ತಪ್ಪದೆ ಎತ್ತು. ಮೊಳಕೆ ರಾಗಿಯ ಸರಿ ಕಾಯಿಸು, ಹಾಲಿನ ಬದಲು ನೀರಿನಲ್ಲೇ ಕಾಯಿಸಿ ಬೆಲ್ಲ ಹಾಕು. ಮಧ್ಯಾಹ್ನ ಮೆತ್ತಗೆ ಬೆಂದ ಕಾಳು ಸೊಪ್ಪು ಕಿವುಚಿ ಕೊಡು. ಬಸಿದ ಕಟ್ಟನ್ನು ಮಾತ್ರ ಚೆಲ್ಲಬೇಡ. ಒಂದೇ ವಸ್ತುವನ್ನು ನಂಬಬೇಡ, ರಾಗಿಯನ್ನೂ ಒಂದನ್ನೇ ನಂಬಬೇಡ."

ಮೊನ್ನೆ ಅವಳ ಅತ್ತೆ ಬೀದಿಯಲ್ಲಿ ಸಿಕ್ಕಿದರು. ಮಗು ಗೇಟು ಹಿಡಿದು ನಿಂತಿತ್ತು. ಗದ್ದದ ಮೇಲೆ ಒಣಗಿದ ರಾಗಿ ಸರಿ ಹತ್ತಿಕೊಂಡಿತ್ತು. "ಹಾಲಿಲ್ಲವೆಂದು ಅಳುತ್ತಿದ್ದೆ. ನಮ್ಮಮ್ಮ ನನಗೆ ಕೊಡುತ್ತಿದ್ದುದೂ ಇದೇ ಸರಿ, ಅದೇ ಮರೆತುಹೋಗಿತ್ತು ನೋಡಿ" ಎಂದರು ಆಕೆ, ಸೆರಗಿನಿಂದ ಮಗುವಿನ ಬಾಯಿ ಒರೆಸುತ್ತ.